ಕೊಲೆಗಾರ ದಂಪತಿಯ ಮೂರು ಕ್ಯಾಸೆಟ್‌ಗಳು

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಒಬ್ಬಳು ನನ್ನ ತಂಗಿಯ ಮೊಮ್ಮಗಳು, ಇನ್ನೊಬ್ಬಳು ಅವಳ ಗೆಳತಿ. ಸಿನಿಮಾ ನೋಡಿ, ಅದು ಯಾವ ವಯಸ್ಸಿನವರಿಗೆ ತಕ್ಕದ್ದು, ಯಾವ ದೃಶ್ಯದ ಬಗ್ಗೆ ಮೊದಲೇ ಎಚ್ಚರಿಸಬೇಕು ಎಂದು ಬರೆದುಕೊಡುವ ಕೆಲಸ ಇಬ್ಬರಿಗೂ ಸಿಕ್ಕಿದೆಯಂತೆ.

"ಅಜ್ಜ, ನೀವು ಸೌದಿಯಲ್ಲಿ ಇದೇ ಕೆಲಸ ಮಾಡ್ತಿದ್ರಂತೆ, ಹೌದಾ?"

ಹೌದು ಎಂದೆ. ಇಬ್ಬರೂ ನಕ್ಕರು. ಆ ನಗು ನನಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಪಡುಬಿದ್ರಿಯಲ್ಲಿದ್ದ ನನ್ನ ಹೆಂಡತಿ ಸುಗುಣಳಿಗೂ ಈ ಮಾತು ನಂಬಿಕೆಗೆ ಬಂದಿರಲಿಲ್ಲ. "ಸಿನಿಮಾ ನೋಡಲಿಕ್ಕೆ ಸಂಬಳ ಕೊಡುವವರು ಯಾರಿದ್ದಾರೆ? ಕಷ್ಟದ ಕೆಲಸವಾದರೂ ಪರವಾಗಿಲ್ಲ, ನಿಜ ಏನೆಂದು ಬರೆಯಿರಿ" ಎಂದು ಅವಳು ಕಾಗದ ಬರೆದಿದ್ದಳು. ನಾನು ಬಿಸಿಲಲ್ಲಿ ಕಬ್ಬಿಣ ಹೊರುತ್ತಿದ್ದೇನೆಂದೂ, ಅವಳು ನೊಂದುಕೊಳ್ಳಬಾರದೆಂದು ಸುಳ್ಳು ಹೇಳುತ್ತಿದ್ದೇನೆಂದೂ ಅವಳ ಅನುಮಾನ. ಆಮೇಲೆ ಒಂದು ಫೋಟೋ ಕಳಿಸಿದೆ. ಫೋಟೋದಲ್ಲಿ ನಾನು ಎರಡು ಟೀವಿಗಳ ಮುಂದೆ ಕುರ್ಚಿಯಲ್ಲಿ ಕೂತಿದ್ದೆ. ಅದಕ್ಕೆ ಬಂದ ಉತ್ತರ: "ಫೋಟೋದವರು ಹಾಗೆಯೇ ಕೂರಿಸುತ್ತಾರೆ."

ಆ ಹುಡುಗಿಯರಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನ ಒಂದು ಚಿತ್ರಮಂದಿರದಲ್ಲಿ ಏಳು ವರ್ಷ ಪ್ರೊಜೆಕ್ಟರ್ ನಡೆಸಿದವನು. ಸೌದಿಯ ಯಾನ್ಬುವಿಗೆ ಹೋದದ್ದು ಟೈಪಿಸ್ಟ್ ಎಂದು. ನನ್ನ ಇಕಾಮಾದಲ್ಲಿ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಕೊನೆಯವರೆಗೂ ಟೈಪಿಸ್ಟ್ ಎಂದೇ ಇತ್ತು. ಅಲ್ಲಿ ಸಮುದ್ರದ ಬದಿಯಲ್ಲಿ ರಿಫೈನರಿಗೆ ಪೈಪ್‌ಲೈನ್ ಹಾಕುತ್ತಿದ್ದ ಒಂದು ಕಂಪನಿಯ ಕ್ಯಾಂಪು. ಒಂದು ಕಡೆ ಸಂಸಾರಸ್ಥರಿಗೆ ಗೋಡೆ ಕಟ್ಟಿದ ಸಣ್ಣ ಮನೆಗಳು. ಇನ್ನೊಂದು ಕಡೆ ಒಂಟಿಯಾಗಿ ಬಂದವರಿಗೆ ಸಾಲುಸಾಲು ಪೋರ್ಟಾಕ್ಯಾಬಿನ್‌ಗಳು. ಊರಲ್ಲಿ ಸಿನಿಮಾ ಮಂದಿರ ಎಂಬುದು ಇರಲಿಲ್ಲ. ಹಾಗಾಗಿ ಕಂಪನಿಯೇ ಒಂದು ವಿಡಿಯೊ ಕೋಣೆ ಮಾಡಿತ್ತು. ಅಲ್ಲಿಂದ ವಯರ್ ಎಳೆದು ಸಂಸಾರದ ಮನೆಗಳಿಗೆಲ್ಲ ದಿನಕ್ಕೊಂದು ಸಿನಿಮಾ ಕಳಿಸುತ್ತಿದ್ದರು. ಒಂಟಿ ಕ್ಯಾಂಪಿನವರಿಗೆ ಮೆಸ್ ಹಾಲಿನಲ್ಲಿ ಗುರುವಾರ ಸಂಜೆ ದೊಡ್ಡ ಪರದೆಯ ಮೇಲೆ ತೋರಿಸುತ್ತಿದ್ದರು.

ಯಾವ ಕ್ಯಾಸೆಟ್ ಹಾಕಬೇಕು ಎಂದು ಮೊದಲು ನೋಡಿ ಹೇಳಲು ಒಬ್ಬ ಬೇಕಿತ್ತು. ಆಫೀಸಿನಲ್ಲಿ ಟೈಪ್ ಮಾಡುತ್ತಾ ಕೂತಿದ್ದ ನನ್ನ ಅರ್ಜಿಯಲ್ಲಿ "ಚಿತ್ರಮಂದಿರ" ಎಂಬ ಶಬ್ದ ಕಂಡ ಮನರಂಜನಾ ವಿಭಾಗದ ಮೇಲಧಿಕಾರಿ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಅವರು ಮಿಸ್ಟರ್ ಪೆಂಟನ್, ಇಂಗ್ಲಿಷರು. ಯಾವಾಗಲೂ ವಿಸಿಲ್ ಹಾಕುತ್ತಾ ಓಡಾಡುವ ಮನುಷ್ಯ. ಕೆಲಸ ಸರಿಯಾಗದಿದ್ದರೆ ವಿಸಿಲ್ ನಿಲ್ಲುತ್ತಿತ್ತು, ನಮಗೆ ಅದೇ ಬೈಗುಳ.

ಕೋಣೆಯಲ್ಲಿ ನನ್ನ ಜೊತೆ ಇದ್ದವರು ಉಳ್ಳಾಲದ ಉಮ್ಮರ್. ನನಗಿಂತ ಹದಿನೈದು ವರ್ಷ ದೊಡ್ಡವರು. ಎಲ್ಲರಿಗೂ ಅವರು ಉಮ್ಮರಾಕ. ಕೆಟ್ಟ ವಿಸಿಆರ್ ಯಾವುದೇ ಇರಲಿ, ಮುಚ್ಚಳ ತೆಗೆದು ಒಂದು ಸಲ ಊದಿ, "ಎಂತ ಆಯ್ತು ಮಗ ನಿಂಗೆ?" ಎಂದು ಮೆಷಿನ್ನನ್ನೇ ಕೇಳುತ್ತಿದ್ದರು. ಹೆಚ್ಚಿನವು ಉತ್ತರ ಕೊಡುತ್ತಿದ್ದವು.

ಕೆಲಸ ಹೀಗಿತ್ತು. ತಿಂಗಳಿಗೊಮ್ಮೆ ಜೆದ್ದಾದಿಂದ ಕ್ಯಾಸೆಟ್‌ಗಳ ಪೆಟ್ಟಿಗೆ ಬರುತ್ತಿತ್ತು. ಪ್ರತಿಯೊಂದನ್ನೂ ಪೂರ್ತಿ ನೋಡಬೇಕು. ಅಪ್ಪಿಕೊಳ್ಳುವುದು, ಮುತ್ತು, ಕುಡಿತ, ಧರ್ಮಕ್ಕೆ ಸಂಬಂಧಪಟ್ಟ ಅಡ್ಡ ಮಾತು, ಇಂಥದ್ದು ಎಲ್ಲಿದೆಯೋ ಆ ಜಾಗದಲ್ಲಿ ಮೆಷಿನ್ನಿನ ಕೌಂಟರ್ ತೋರಿಸುವ ನಂಬರನ್ನು ಬರೆದುಕೊಳ್ಳಬೇಕು. ಆಮೇಲೆ ಎರಡು ಮೆಷಿನ್ ಜೋಡಿಸಿ, ಆ ಭಾಗ ಬಿಟ್ಟು ಉಳಿದದ್ದನ್ನು ಖಾಲಿ ಟೇಪಿಗೆ ಇಳಿಸಬೇಕು. ಜೊತೆಗೆ ಒಂದು ಪುಟದ ಟಿಪ್ಪಣಿ: ಕಥೆ ಏನು, ಯಾರಿಗೆ ತೋರಿಸಬಹುದು, ಯಾಕೆ. ಟಿಪ್ಪಣಿಗೆ ಅಬು ಫಹದ್ ರುಜು ಹಾಕಿದ ಮೇಲೆಯೇ ಸಿನಿಮಾ ಹೊರಗೆ ಹೋಗುವುದು. ಅಬು ಫಹದ್ ಕಂಪನಿಯ ಸರಕಾರಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಸೌದಿ ಅಧಿಕಾರಿ. ಅವರ ಬಿಳಿ ನಿಲುವಂಗಿ ತೋಬಿನ ಮೇಲೆ ಒಂದು ಸುಕ್ಕು ಇರುತ್ತಿರಲಿಲ್ಲ. ನನ್ನ ಟಿಪ್ಪಣಿಗಳನ್ನು ಅವರಷ್ಟು ಗಮನವಿಟ್ಟು ಓದಿದವರು ಬೇರೆ ಯಾರೂ ಇಲ್ಲ.

ಸುಲಭದ ಕೆಲಸ ಎನಿಸುತ್ತದೆಯಲ್ಲವೇ? ಮೊದಲ ವರ್ಷವೇ ನಾನು ಮಾಡಿದ ಒಂದು ಎಡವಟ್ಟು ಕೇಳಿ. ಒಂದು ಪತ್ತೇದಾರಿ ಸಿನಿಮಾದಲ್ಲಿ ಒಬ್ಬ ಒಬ್ಬಳಿಗೆ ಮುತ್ತು ಕೊಡುವಾಗ ಅವನ ಅಂಗಿಯ ಗುಂಡಿ ಕಿತ್ತು ಬೀಳುತ್ತದೆ. ಮುತ್ತು ಹೋಗಬೇಕು, ಹೋಯಿತು. ಅದರ ಜೊತೆ ಗುಂಡಿಯೂ ಹೋಯಿತು. ಕೊನೆಯಲ್ಲಿ ಪೊಲೀಸು ಗುಂಡಿ ತೋರಿಸಿ ಕೊಲೆಗಾರನನ್ನು ಹಿಡಿಯುವಾಗ, ಆ ಗುಂಡಿ ಎಲ್ಲಿಂದ ಬಂತು ಎಂದು ಮುನ್ನೂರು ಜನರಿಗೆ ಗೊತ್ತಾಗಲಿಲ್ಲ. ಮರುದಿನ ಮೆಸ್ಸಿನಲ್ಲಿ ಎರಡು ಪಕ್ಷವಾಗಿ ಜಗಳ. ಕಾಪುವಿನ ಪೈಪ್ ಫಿಟ್ಟರ್ ಶೇಖರ, ಕ್ಯಾಂಪಿಗೆಲ್ಲ ನಗೆಗಾರ, ನನ್ನ ಎದುರು ತನ್ನ ಅಂಗಿಯ ಗುಂಡಿಯೊಂದನ್ನು ಇಟ್ಟು, "ಸದಾನಂದಣ್ಣ, ಇದನ್ನಾದ್ರೂ ಇಟ್ಕೊಳ್ಳಿ, ಮುಂದಿನ ಪಿಕ್ಚರಿಗೆ ಬೇಕಾಗ್ತದೆ" ಎಂದ. ಪೆಂಟನ್ ಸಾಹೇಬರ ವಿಸಿಲ್ ಒಂದು ವಾರ ಕೇಳಿಸಲಿಲ್ಲ. ಇನ್ನೊಂದು ಸಲ ಹೀಗಾದರೆ ವಾಪಸು ಟೈಪ್‌ರೈಟರಿಗೆ ಕಳಿಸುತ್ತೇನೆ ಎಂದರು. ಕತ್ತರಿಸುವ ಮೊದಲು ಪೂರ್ತಿ ಸಿನಿಮಾವನ್ನು ಎರಡು ಸಲ ನೋಡುವ ಅಭ್ಯಾಸ ನನಗೆ ಬಂದದ್ದು ಆಗ.

ಇನ್ನು ಆ ಮೂರು ಕ್ಯಾಸೆಟ್‌ಗಳ ವಿಷಯ.

ದೂರದ ಒಂದು ಚಳಿ ದೇಶದಲ್ಲಿ, ಸಮುದ್ರದ ಪಕ್ಕದ ಒಂದು ಪಟ್ಟಣದಲ್ಲಿ, ಗಂಡ ಹೆಂಡತಿ ಸೇರಿ ಬಾಡಿಗೆ ಕೋಣೆಗಳ ಮನೆ ನಡೆಸುತ್ತಿದ್ದರು. ಬಂದು ಇರುತ್ತಿದ್ದವರು ಹಿಂದೆಮುಂದೆ ಯಾರೂ ಇಲ್ಲದ ವಯಸ್ಸಾದವರು. ಅವರಲ್ಲಿ ಐದು ಜನರನ್ನು ಗಂಡ ಹೆಂಡತಿ ಚಹಾದಲ್ಲಿ ವಿಷ ಹಾಕಿ ಕೊಂದರು. ಇದು ನಿಜವಾಗಿ ನಡೆದದ್ದು. ಇದರ ಮೇಲೆ ಒಂದಲ್ಲ, ಮೂರು ಸಿನಿಮಾ ಬಂದವು. ಮೊದಲಿನದು ಜೆದ್ದಾದ ಪೆಟ್ಟಿಗೆಯಲ್ಲಿ ಬಂತು. ಎರಡನೆಯದು ಮುಂದಿನ ತಿಂಗಳಿನದರಲ್ಲಿ. ಮೂರನೆಯದು ಊರಿಗೆ ಹೊರಟ ಒಬ್ಬ ಇಂಜಿನಿಯರ್ ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಹೊದಿಕೆ ಇಲ್ಲ, ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಮಾತ್ರ.

"ನಿಜ ಘಟನೆ ಎಂದರೆ ಜನಕ್ಕೆ ಇಷ್ಟ. ಮೂರನ್ನೂ ನೋಡಿ, ಯಾವುದು ಒಳ್ಳೆಯದು ಎಂದು ಹೋಲಿಸಿ ಬರೆದುಕೊಡು" ಎಂದರು ಪೆಂಟನ್.

ಮೊದಲಿನದನ್ನು ಕ್ಯಾಂಪಿನವರು ಆಮೇಲೆ 'ಕೆಂಪು ಕೋಟು' ಎಂದು ಕರೆದರು. ಹೆಂಡತಿ ಉದ್ದಕ್ಕೂ ಒಂದು ಕೆಂಪು ಕೋಟು ಹಾಕಿಕೊಂಡಿರುತ್ತಾಳೆ. ಇಬ್ಬರೂ ಚೆಲುವರು, ತೆರೆದ ಕಾರಿನಲ್ಲಿ ಸಮುದ್ರದ ದಂಡೆಯ ಮೇಲೆ ಓಡುತ್ತಾರೆ, ಒಳ್ಳೆಯ ಸಂಗೀತ. ಅವರು ಸಿಕ್ಕಿಬೀಳುವಾಗ ನನಗೆ ಬೇಸರವಾಯಿತು ಎಂದರೆ ನೀವೇ ಲೆಕ್ಕ ಹಾಕಿ. ಎರಡನೆಯದು 'ಮಾಟಗಾತಿ'. ಅದರಲ್ಲಿ ಗಂಡ ಪಾಪದವನು, ಎಲ್ಲ ಕೆಟ್ಟತನ ಹೆಂಡತಿಯದು. ಅವಳ ಮುಖಕ್ಕೆ ಕೆಳಗಿನಿಂದ ಬೆಳಕು ಬಿಟ್ಟು, ಬಾಗಿಲು ಕಿರ್ ಎಂದಾಗಲೆಲ್ಲ ಅವಳನ್ನೇ ತೋರಿಸುತ್ತಾರೆ. ಮೂರನೆಯದರಲ್ಲಿ ಕಾರಿಲ್ಲ, ಕೋಟಿಲ್ಲ. ಮುದುಕರು ಏಳುತ್ತಾರೆ, ಮುಖ ತೊಳೆಯುತ್ತಾರೆ, ತಿಂಡಿಗೆ ಕೂರುತ್ತಾರೆ. ನಿಧಾನವಾದ ಸಿನಿಮಾ. ನಡುವೆ ನನಗೆ ಒಮ್ಮೆ ತೂಕಡಿಕೆಯೂ ಬಂತು.

ಟಿಪ್ಪಣಿ ಬರೆದೆ. ವೇಗ, ನಟನೆ, ಸಂಗೀತ ಮೂರರಲ್ಲೂ ಕೆಂಪು ಕೋಟಿಗೆ ಮೊದಲ ಸ್ಥಾನ. ಮಾಟಗಾತಿಗೆ ಎರಡನೆಯದು. ಮೂರನೆಯದಕ್ಕೆ, "ಕಪ್ಪು ಬಿಳುಪಿನಲ್ಲಿ ತೆಗೆದಿರುವುದು ನಿರ್ದೇಶಕರ ದಿಟ್ಟತನ, ಆದರೆ ಜನ ಎದ್ದು ಹೋಗುತ್ತಾರೆ" ಎಂದು ಬರೆದೆ. ಬರೆದದ್ದನ್ನು ಉಮ್ಮರಾಕನಿಗೆ ಓದಿ ಹೇಳಿದೆ. ಅವರು ಹತ್ತಿಯ ಕಡ್ಡಿಯನ್ನು ಸ್ಪಿರಿಟಿನಲ್ಲಿ ಅದ್ದಿ ವಿಸಿಆರ್‌ನ ಹೆಡ್ ಒರೆಸುತ್ತಿದ್ದರು.

"ಕಪ್ಪು ಬಿಳುಪು?" ಎಂದರು. "ಕಪ್ಪು ಬಿಳುಪು ಅಲ್ಲ ಮಾರಾಯ. ಅದು ಬೇರೆ ಸಿಸ್ಟಮಿನ ಟೇಪು. ನಮ್ಮ ಈ ಹಳೇ ಮೆಷಿನ್ನಿಗೆ ಅದರ ಬಣ್ಣ ಹಿಡಿಯುವುದಿಲ್ಲ. ಆಚೆ ಹೊಸ ಡೆಕ್ಕಿಗೆ ಹಾಕು, ಬಣ್ಣ ಬರ್ತದೆ."

ಹಾಕಿದೆ. ಪರದೆಗಳು ಹಸಿರು, ಮೇಜಿನ ಬಟ್ಟೆ ಹಳದಿ. ನಿರ್ದೇಶಕರ ದಿಟ್ಟತನದ ಸಾಲನ್ನು ಹೊಡೆದುಹಾಕಿದೆ. ಉಮ್ಮರಾಕ ನಗಲಿಲ್ಲ, ಅದು ಅವರ ದೊಡ್ಡ ಗುಣ. ಸ್ವಲ್ಪ ಹೊತ್ತು ಕೆಲಸ ಮಾಡಿ, ತಲೆ ಎತ್ತದೆಯೇ ಕೇಳಿದರು: "ಅಲ್ಲ ಸದಾನಂದ, ಆ ಸತ್ತವರ ಹೆಸರು ಎಂತ?"

ನನಗೆ ಗೊತ್ತಿರಲಿಲ್ಲ. ಮೂರು ಸಿನಿಮಾ ನೋಡಿದ್ದೇನೆ. ಕಾರಿನ ಬಣ್ಣ ಹೇಳಬಲ್ಲೆ, ಕೋಟಿನ ಬಣ್ಣ ಹೇಳಬಲ್ಲೆ, ಗಂಡ ಹೆಂಡತಿಯ ಹೆಸರು ಮದುವೆಗೆ ಮೊದಲಿನದು ಸಮೇತ ಹೇಳಬಲ್ಲೆ. ಸತ್ತ ಐದು ಜನರಲ್ಲಿ ಒಬ್ಬರ ಹೆಸರೂ ನಾಲಗೆಗೆ ಬರಲಿಲ್ಲ.

"ಯಾಕೆ ಕೇಳಿದೆ ಅಂದ್ರೆ," ಎಂದರು ಉಮ್ಮರಾಕ, "ನನ್ನ ಉಮ್ಮನ ಅಣ್ಣ ಒಬ್ಬರು ಹಡಗು ಹತ್ತಿ ಬಸ್ರಾಕ್ಕೆ ಹೋದವರು. ನಾನು ಹುಟ್ಟುವ ಮೊದಲು. ಹೋದವರು ಹೋದರು, ಏನಾಯ್ತೂಂತ ಇಲ್ಲ. ಉಮ್ಮ ಈಗಲೂ ದುವಾ ಮಾಡುವಾಗ ಅವರ ಹೆಸರು ಹೇಳ್ತಾಳೆ. ಒಂದು ದಿವಸ ಬಿಟ್ಟದ್ದಿಲ್ಲ. ಹೆಸರು ಹೇಳುವವರು ಒಬ್ಬರಾದ್ರೂ ಬೇಕಲ್ಲ?"

ಇಷ್ಟು ಹೇಳಿ ಮತ್ತೆ ಹೆಡ್ ಒರೆಸತೊಡಗಿದರು. ನಾನು ಟಿಪ್ಪಣಿ ಹರಿದುಹಾಕಿದೆ.

ಎರಡನೇ ಸಲ ನೋಡಿದೆ. ಈ ಸಲ ಮೂರರಲ್ಲೂ ಇದ್ದ ಒಂದೇ ದೃಶ್ಯವನ್ನು ಹಿಡಿದುಕೊಂಡು ಪಕ್ಕಪಕ್ಕ ಇಟ್ಟು ನೋಡಿದೆ. ಸತ್ತವರಲ್ಲಿ ಒಬ್ಬಾಕೆ ನಿವೃತ್ತ ಸಂಗೀತ ಟೀಚರ್. ಅವಳಿಗೆ ವಿಷದ ಚಹಾ ಕೊಡುವ ಬೆಳಗ್ಗೆ ಮೂರು ಸಿನಿಮಾದಲ್ಲೂ ಇದೆ. ಕೆಂಪು ಕೋಟಿನಲ್ಲಿ ಕ್ಯಾಮೆರಾ ಅಡುಗೆಮನೆಯಲ್ಲಿದೆ. ಗಂಡ ಹೆಂಡತಿ ಕಣ್ಣಲ್ಲೇ ಮಾತಾಡುತ್ತಾರೆ, ಟ್ರೇ ಮೆಟ್ಟಿಲೇರುತ್ತದೆ, ಕಪ್ಪು ತೆಗೆದುಕೊಳ್ಳುವ ಒಂದು ಮುದಿ ಕೈ ಕಾಣುತ್ತದೆ. ಆ ಟೀಚರ್‌ಗೆ ಆ ಸಿನಿಮಾದಲ್ಲಿ ಮುಖವೇ ಇಲ್ಲ. ಮಾಟಗಾತಿಯಲ್ಲಿ ಕ್ಯಾಮೆರಾ ಹೆಂಡತಿಯ ಕಣ್ಣಿಗೆ ಅಂಟಿಕೊಂಡಿದೆ; ಗಂಡ ಮೂಲೆಯಲ್ಲಿ ನಡುಗುತ್ತಾನೆ. ಮೂರನೆಯದರಲ್ಲಿ ಕ್ಯಾಮೆರಾ ಟೀಚರ್‌ನ ಕೋಣೆಯೊಳಗೇ ಕೂತಿದೆ. ಅವಳು ಕೈಗಡಿಯಾರಕ್ಕೆ ಕೀ ಕೊಡುತ್ತಾಳೆ. ಕಿಟಕಿಯಲ್ಲಿ ಹಕ್ಕಿಗೆ ಬ್ರೆಡ್ಡಿನ ಚೂರು ಇಡುತ್ತಾಳೆ. ಬಾಗಿಲು ಬಡಿದ ಸದ್ದಾಗುತ್ತದೆ. "ಬನ್ನಿ" ಎನ್ನುತ್ತಾಳೆ. ಅಷ್ಟೇ. ಮುಂದಿನ ದೃಶ್ಯದಲ್ಲಿ ತಿಂಡಿಯ ಮೇಜು, ಒಂದು ಕುರ್ಚಿ ಕಡಿಮೆ. ಉಳಿದವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾರೆ. ಒಬ್ಬರೂ ಕೇಳುವುದಿಲ್ಲ.

ಮೊದಲ ಸಲ ನಾನು ತೂಕಡಿಸಿದ್ದು ಇಲ್ಲೇ.

ಮೂರನೆಯದಕ್ಕೇ ಮೊದಲ ಸ್ಥಾನ ಕೊಟ್ಟು ಬರೆದ ಹೊಸ ಟಿಪ್ಪಣಿಯನ್ನು ಅಬು ಫಹದ್‌ರ ಬಳಿ ಒಯ್ದೆ. ಅವರು ನಿಧಾನವಾಗಿ ಓದಿ, ಕನ್ನಡಕ ತೆಗೆದರು. "ಸದಾನಂದ್, ಒಂದರಲ್ಲಿ ಇಬ್ಬರೂ ನಗುತ್ತಾ ಕೊಲ್ಲುತ್ತಾರೆ. ಇನ್ನೊಂದರಲ್ಲಿ ಎಲ್ಲವನ್ನೂ ಹೆಂಡತಿಯೇ ಮಾಡುತ್ತಾಳೆ. ಹಾಗಾದರೆ ನಿಜವಾಗಿ ಕಾಜಿಯ ಮುಂದೆ ನಿಂತವರು ಯಾರು?"

ಹುಡುಕಿ ಹೇಳುತ್ತೇನೆ ಎಂದು ಎದ್ದೆ. ಕ್ಯಾಂಪಿನ ಗ್ರಂಥಾಲಯದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ರಾಶಿ ಇತ್ತು. ನಾಲ್ಕು ಮಧ್ಯಾಹ್ನ ಧೂಳು ಕುಡಿದ ಮೇಲೆ ಆ ಮೊಕದ್ದಮೆಯ ಒಂದು ಉದ್ದದ ವರದಿ ಸಿಕ್ಕಿತು. ವಿಷ ತಂದವನು ಗಂಡ, ಕೊಟ್ಟವಳು ಹೆಂಡತಿ, ಇಬ್ಬರೂ ಸರಿಸಮ ತಪ್ಪಿತಸ್ಥರು. ತೆರೆದ ಕಾರು ಇರಲೇ ಇಲ್ಲ. ಗಂಡ ಬಸ್ಸಿನ ಡ್ರೈವರ್. ಅವರು ಅಷ್ಟು ವರ್ಷ ಸಿಕ್ಕಿಬೀಳದೆ ಉಳಿದದ್ದಕ್ಕೆ ಜಾಣತನ ಕಾರಣವಲ್ಲ, ಸತ್ತವರನ್ನು ಯಾರೂ ವಿಚಾರಿಸಲಿಲ್ಲ ಅಷ್ಟೇ ಎಂದು ನ್ಯಾಯಾಧೀಶರು ಹೇಳಿದ್ದು ಅದರಲ್ಲಿ ಬರೆದಿತ್ತು. ಐದು ಹೆಸರುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೇ ಸಿನಿಮಾ ಆ ಐದೂ ಹೆಸರುಗಳನ್ನು ಬದಲಾಯಿಸದೆ ಇಟ್ಟುಕೊಂಡಿತ್ತು. ಉಳಿದೆರಡರಲ್ಲಿ ಅವು ಇರಲಿಲ್ಲ.

ಪೆಂಟನ್ ಟಿಪ್ಪಣಿ ಓದಿದರು. ವಿಸಿಲ್ ನಿಂತಿತು. "ಚೆನ್ನಾಗಿ ಬರೆದಿದ್ದೀಯ. ಆದರೆ ಬಿಸಿಲಲ್ಲಿ ಹನ್ನೆರಡು ಗಂಟೆ ದುಡಿದು ಬಂದವನಿಗೆ ಮುದುಕರು ತಿಂಡಿ ತಿನ್ನುವುದನ್ನು ತೋರಿಸಬೇಕೇ? ಹಾಲ್ ಖಾಲಿಯಾಗುತ್ತದೆ. ಕೆಂಪು ಕೋಟು ಹಾಕು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುರುವಾರ ಕೆಂಪು ಕೋಟು ಹಾಕಿದೆವು. ಇಂಗ್ಲಿಷ್ ಬಾರದವರಿಗಾಗಿ ನಾನು ಮೈಕ್ ಹಿಡಿದು ನಡುನಡುವೆ ಹಿಂದಿಯಲ್ಲಿ ಕಥೆ ಹೇಳುತ್ತಿದ್ದೆ. ಹಾಲ್ ತುಂಬಿ ಕಿಟಕಿಯ ಹೊರಗೂ ಜನ. ಚಪ್ಪಾಳೆ, ಸಿಳ್ಳೆ. ಮರುದಿನದಿಂದ ಮೆಸ್ಸಿನಲ್ಲಿ ಅದೇ ಆಟ. ಶೇಖರ ತಲೆಗೆ ಟವೆಲ್ ಸುತ್ತಿ ಹೆಂಡತಿಯಾಗಿ, ಚಹಾದ ಕಪ್ಪು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ. ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಗುಲಾಮ್ ಚಾಚಾ ಎಂಬ ಮುದುಕರಿದ್ದರು. ಲಖನೌ ಕಡೆಯವರು, ಕ್ಯಾಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಮಾತು ಕಡಿಮೆ. "ಚಾಚಾ, ಚಾಯ್ ಪಿಯೋಗೆ?" ಎಂದು ಶೇಖರ ಬಾಗಿದಾಗ ಹಾಲಿಗೆ ಹಾಲೇ ನಕ್ಕಿತು. ಚಾಚಾ ಕೂಡ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ನಾನೂ ನಕ್ಕವನೇ.

ಆಮೇಲೆ ಎರಡು ತಿಂಗಳಿಗೆ ಈದ್ ಬಂತು. ಪೆಂಟನ್ ರಜೆಗೆ ಊರಿಗೆ ಹೋಗಿದ್ದರು. ಜೆದ್ದಾದ ಪೆಟ್ಟಿಗೆ ರಜೆಯಿಂದಾಗಿ ಬರಲಿಲ್ಲ. ಮೆಸ್ ಹಾಲಿಗೆ ಒಂದು ಸಿನಿಮಾ ಬೇಕು, ಕಪಾಟಿನಲ್ಲಿ ಜನ ನೋಡದೆ ಉಳಿದದ್ದು ಎಂದರೆ ಮಾಟಗಾತಿ ಮತ್ತು ಆ ಮೂರನೆಯದು. ನಾನು ಅಬು ಫಹದ್‌ರ ಬಳಿ ಹೋದೆ.

"ಇದರಲ್ಲಿ ಕತ್ತರಿಸುವುದು ಎಷ್ಟಿದೆ?" ಎಂದರು.

"ಏನೂ ಇಲ್ಲ."

"ಕೊಲೆ?"

"ಕಾಣಿಸುವುದಿಲ್ಲ."

ರುಜು ಹಾಕಿ, "ಹಬ್ಬದಲ್ಲಿ ಜನ ಬೈದರೆ ನಿನ್ನ ಹೆಸರು ಹೇಳುತ್ತೇನೆ" ಎಂದರು. ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಅದು ತಮಾಷೆಯಲ್ಲ. ಬೇಡವೆಂದ ಸಿನಿಮಾವನ್ನು ಮೇಲಧಿಕಾರಿ ಇಲ್ಲದಾಗ ಹಾಕುತ್ತಿದ್ದೇನೆ. ಹಬ್ಬ ಹಾಳಾಯಿತೆಂದು ದೂರು ಹೋದರೆ ವಾಪಸು ಟೈಪ್‌ರೈಟರ್ ಮುಂದೆ ಕೂರಬೇಕು. ಅದಕ್ಕಿಂತ ಹೆಚ್ಚು, ನಾನು ಬರೆದದ್ದು ಸುಳ್ಳಾಗುತ್ತದೆಯೇ ಎಂಬ ಹೆದರಿಕೆ.

ಈದ್‌ನ ಮೂರನೇ ದಿನ, ಇಳಿಹೊತ್ತಿನ ಅಸರ್ ನಮಾಜಿನ ನಂತರ ಶುರು ಮಾಡಿದೆವು. ಅರ್ಧ ಗಂಟೆಯೊಳಗೆ ಹಿಂದಿನ ಸಾಲುಗಳು ಎದ್ದು ಹೋದವು. "ಇದೆಂತ ಸಾವು ಮಾರ್ರೆ" ಎಂದು ಯಾರೋ ಗೊಣಗಿದರು. ಸುಳ್ಳು ಹೇಳುವುದಿಲ್ಲ, ಮೂರರಲ್ಲಿ ಒಂದು ಪಾಲು ಜನ ಹೋದರು. ಉಳಿದವರು ಕೂತರು. ಮೈಕಿನಲ್ಲಿ ನಾನು ಹೇಳಬೇಕಾದದ್ದೂ ಹೆಚ್ಚಿರಲಿಲ್ಲ. ಒಂಟಿ ಮಂಚ, ಗೋಡೆಯ ಮೊಳೆಗೆ ತೂಗಿದ ಅಂಗಿ, ಬರೆದು ಮುಗಿಸದ ಕಾಗದ, ಪಕ್ಕದ ಕೋಣೆಯವನ ಕೆಮ್ಮು. ಇದನ್ನೆಲ್ಲ ಅವರಿಗೆ ವಿವರಿಸಿ ಹೇಳುವುದು ಏನಿದೆ? ಕುರ್ಚಿ ಒಂದು ಕಡಿಮೆಯಾದಾಗ ಕೆಲವರು ಮುಂದಕ್ಕೆ ಬಾಗಿದರು. ಎರಡನೇ ಕುರ್ಚಿ ಹೋದಾಗ ಮುಂದಿನ ಸಾಲಿನ ಒಬ್ಬ ಪರದೆಯ ಕಡೆ ಕೈ ಮಾಡಿ, "ಅರೇ, ಪೂಛೋ ನಾ ಕೋಯಿ!" ಎಂದು ಕೂಗಿಯೇ ಬಿಟ್ಟ. ಯಾರಾದರೂ ಕೇಳಿ ಎಂದು. ಒಬ್ಬರೂ ನಗಲಿಲ್ಲ.

ಮುಗಿದ ಮೇಲೆ ಲೈಟ್ ಹಾಕಿದೆ. ಜನ ಎದ್ದರು, ಆದರೆ ಬಾಗಿಲ ಕಡೆ ಹೋಗದೆ ಅಲ್ಲಲ್ಲೇ ನಿಂತರು. ಶೇಖರ ಬೆಂಚಿನ ಮೇಲೆ ಕೂತೇ ಇದ್ದ. ಅವನು ಏನಾದರೂ ತಮಾಷೆ ಮಾಡುತ್ತಾನೆಂದು ಕಾದೆ. ಅವನು ಸುತ್ತ ನೋಡಿ ಕೇಳಿದ:

"ಅಲ್ಲ, ಲಾಂಡ್ರಿಯ ಚಾಚಾನನ್ನು ಹಬ್ಬದ ದಿನದಿಂದ ಯಾರಾದ್ರೂ ಕಂಡಿದ್ದೀರಾ?"

ಯಾರೂ ಕಂಡಿರಲಿಲ್ಲ. ಚಾಚಾನ ಕೋಣೆಯಲ್ಲಿದ್ದ ಮೂವರೂ ಉಮ್ರಾ ಯಾತ್ರೆಗೆಂದು ಮೆಕ್ಕಾಕ್ಕೆ ಹೋಗಿ, ಅಲ್ಲಿಂದ ತಾಯಿಫ್‌ನ ನೆಂಟರ ಮನೆಗೆ ಹೋದವರು ಇನ್ನೂ ಬಂದಿರಲಿಲ್ಲ. ಲಾಂಡ್ರಿಗೆ ರಜೆ. ಹಾಗಾಗಿ ಕೆಲಸಕ್ಕೆ ಬಂದಿಲ್ಲ ಎಂದು ಕೇಳುವವರೂ ಇಲ್ಲ. ಮೆಸ್ಸಿನಲ್ಲಿ ಕಂಡಂತೆ ಒಬ್ಬ ಹೇಳಿದ; ಯಾವಾಗ ಎಂದರೆ ಹಬ್ಬದ ಹಿಂದಿನ ದಿನ ಎಂದ.

"ಬನ್ನಿ ನೋಡುವ" ಎಂದು ಶೇಖರ ಎದ್ದ. ಹತ್ತು ಹದಿನೈದು ಜನ ಹಿಂದೆಯೇ ಹೊರಟೆವು. ಹೊರಗೆ ಇನ್ನೂ ಬಿಸಿಲಿತ್ತು. ಮೊದಲು ನಡೆಯುತ್ತಿದ್ದವರು ಯಾಕೋ ಸ್ವಲ್ಪ ಹೊತ್ತಿಗೆ ಓಡತೊಡಗಿದೆವು. ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಏಸಿ ಗುಂಯ್‌ಗುಡುತ್ತಿತ್ತು. "ಚಾಚಾ!" ಎಂದು ಕೂಗಿದರೆ ಉತ್ತರವಿಲ್ಲ. ಉಮ್ಮರಾಕ ಸ್ಕ್ರೂಡ್ರೈವರಿನಿಂದ ಕಿಟಕಿಯ ಚೌಕಟ್ಟು ಬಿಚ್ಚಿದರು. ಶೇಖರ ಒಳಗೆ ಇಳಿದ. ಆಮೇಲೆ ಅವನ ಸ್ವರ ಕೇಳಿತು, ಎಂದೂ ಕೇಳದಂಥ ಸ್ವರ: "ಜೀವ ಉಂಟು! ಜೀವ ಉಂಟು, ಬೇಗ ಬನ್ನಿ!"

ಚಾಚಾ ಮಂಚದ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದರು. ತುಟಿ ಒಡೆದಿತ್ತು, ಕಣ್ಣು ಅರ್ಧ ತೆರೆದಿತ್ತು. ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿ ಕ್ಯಾಂಪಿನ ಕ್ಲಿನಿಕ್ಕಿಗೆ ಒಯ್ದೆವು. ಮೊದಲೇ ಸಕ್ಕರೆ ಕಾಯಿಲೆ, ಅದರ ಮೇಲೆ ವಾಂತಿಭೇದಿ. ಎದ್ದು ನೀರು ಕುಡಿಯುವ ಶಕ್ತಿಯೂ ಇಲ್ಲದೆ ಬಿದ್ದಿದ್ದಾರೆ. ಈಜಿಪ್ಟಿನ ಡಾಕ್ಟರು ಡ್ರಿಪ್ ಹಾಕಿ, ಆಂಬುಲೆನ್ಸಿನಲ್ಲಿ ತಾವೇ ಕೂತು ಊರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಹೇಳಿದರು: "ಇನ್ನೊಂದು ಅರ್ಧ ದಿನ ಕಳೆದಿದ್ದರೆ ನಾನು ಮಾಡುವಂಥದ್ದೇನೂ ಇರುತ್ತಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಬದುಕುತ್ತಾರೆ."

ಅವತ್ತು ನಾನು ಬೀಗಿದೆ, ಒಪ್ಪಿಕೊಳ್ಳುತ್ತೇನೆ. ನನ್ನ ಟಿಪ್ಪಣಿ ಒಂದು ಜೀವ ಉಳಿಸಿತು ಎಂದು ಸುಗುಣಳಿಗೆ ನಾಲ್ಕು ಪುಟದ ಕಾಗದ ಬರೆಯಲು ಕೂತೆ. ಉಮ್ಮರಾಕ ನೋಡಿ ಹೇಳಿದರು: "ಬರೆ, ಬರೆ. ಆದ್ರೆ ಸಿನಿಮಾ ಎಂತ ಮಾಡ್ಲಿಲ್ಲ ಮಾರಾಯ. ನೋಡಿ ಎದ್ದು ಹೋಗುವವರು ಹೋದ್ರು. ಬಾಯಿ ಬಿಟ್ಟು ಕೇಳಿದ್ದು ಶೇಖರ." ಕಾಗದ ಒಂದೇ ಪುಟಕ್ಕೆ ಮುಗಿಯಿತು. ಅದರಲ್ಲಿ ಹೆಚ್ಚು ಶೇಖರನ ವಿಷಯವೇ ಇತ್ತು. ಆ ಕಾಗದ ಓದಿದ ಮೇಲೆಯೇ ಸುಗುಣಳಿಗೆ ನನ್ನ ಕೆಲಸದ ಬಗ್ಗೆ ನಂಬಿಕೆ ಬಂತು; "ಇಂಥದ್ದನ್ನು ನೀವು ಸುಳ್ಳು ಹೇಳಲಾರಿರಿ" ಎಂದು ಬರೆದಳು.

ಪೆಂಟನ್ ರಜೆ ಮುಗಿಸಿ ಬಂದರು. ವಿಷಯ ಮೊದಲೇ ತಿಳಿದಿತ್ತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ತಮಗೆ ಕೊಟ್ಟಿದ್ದ ನನ್ನ ಟಿಪ್ಪಣಿಯನ್ನು ಕಡತದಿಂದ ತೆಗೆದು ಇನ್ನೊಮ್ಮೆ ಓದಿದರು. "ಈ ಸಿನಿಮಾ ಹಾಲನ್ನು ಖಾಲಿ ಮಾಡುತ್ತದೆ ಎಂದು ನಾನು ಹೇಳಿದ್ದೆ. ಮಾಡಿತೇ?"

"ಮೂರರಲ್ಲಿ ಒಂದು ಪಾಲು ಮಾಡಿತು, ಸರ್."

"ಅಂದರೆ ನಾನು ಹೇಳಿದ್ದು ಮೂರರಲ್ಲಿ ಒಂದು ಪಾಲು ಸರಿ," ಎಂದು ನಕ್ಕರು. ಆಮೇಲೆ ಅವರೇ ಕೂತು ಟಿಪ್ಪಣಿಯ ನಮೂನೆಯನ್ನು ಬದಲಾಯಿಸಿದರು. ಎಷ್ಟು ಕತ್ತರಿಸಬೇಕು ಎಂಬುದರ ಕೆಳಗೆ ಹೊಸದೊಂದು ಪ್ರಶ್ನೆ: ಈ ಸಿನಿಮಾ ಯಾರ ಕಡೆ ನೋಡುತ್ತದೆ? ಯಾರನ್ನು ನೋಡದೆ ಬಿಡುತ್ತದೆ? ಕಂಪನಿಯ ಕಾಗದಗಳಲ್ಲಿ ಅಂಥ ಪ್ರಶ್ನೆ ನಾನು ಇನ್ನೆಲ್ಲೂ ಕಂಡದ್ದಿಲ್ಲ.

ಹದಿಮೂರು ದಿನಗಳ ನಂತರ ಚಾಚಾ ವಾಪಸು ಬಂದರು. ಅರ್ಧ ಆಳಾಗಿದ್ದರು. ಒಂದು ಮಧ್ಯಾಹ್ನ ವಿಡಿಯೊ ಕೋಣೆಗೆ ಬಂದು, ಆ ಪಿಕ್ಚರ್ ತಾವೂ ನೋಡಬೇಕೆಂದರು. ಕುರ್ಚಿ ಹಾಕಿ, ಬಣ್ಣ ಬರುವ ಮೆಷಿನ್ನಿನಲ್ಲೇ ಹಾಕಿದೆ. ಕಾಲು ಗಂಟೆಯಲ್ಲಿ ಅವರ ತಲೆ ಎದೆಯ ಮೇಲೆ ಬಾಗಿತು, ಗೊರಕೆ ಕೇಳಿತು. ಉಮ್ಮರಾಕ ಸ್ವರ ಕಡಿಮೆ ಮಾಡಿದರು. ಕೊನೆಯಲ್ಲಿ ಎಚ್ಚರವಾಗಿ ಕಣ್ಣುಜ್ಜಿಕೊಂಡು, "ಅಚ್ಛಾ ಹೈ, ಭಾಯಿ. ಲೇಕಿನ್ ಗಾನಾ ಏಕ್ ಭೀ ನಹೀಂ" ಎಂದರು. ಒಂದಾದರೂ ಹಾಡು ಬೇಕಿತ್ತಂತೆ. ಸಿನಿಮಾ ಬಗ್ಗೆ ಬರೆಯುವವರು ಇದನ್ನೂ ಕೇಳಿಸಿಕೊಳ್ಳಬೇಕು.

ಹುಡುಗಿಯರೇ, ನಿಮ್ಮ ಕಾಲಕ್ಕೆ ಟೇಪು ಇಲ್ಲ, ಕೌಂಟರ್ ಇಲ್ಲ, ಹೆಡ್ ಒರೆಸುವ ಸ್ಪಿರಿಟು ಇಲ್ಲ. ನಾನು ಒಂದು ವಾರದಲ್ಲಿ ನೋಡುತ್ತಿದ್ದಷ್ಟನ್ನು ನೀವು ಒಂದು ದಿನದಲ್ಲಿ ನೋಡಬೇಕಾಗುತ್ತದಂತೆ. ನಿಜವಾದ ಕೊಲೆಗಳ ಮೇಲೆ ಸಿನಿಮಾ ಈಗ ಇನ್ನೂ ಹೆಚ್ಚು ಬರುತ್ತವೆ. ಕೊಂದವರು ಚೆಲುವರಾಗಿಯೇ ಇರುತ್ತಾರೆ. ಒಂದು ಸಲ ಮೈಮರೆತು ನೋಡಿ, ಅದರಲ್ಲಿ ತಪ್ಪಿಲ್ಲ. ಎರಡನೇ ಸಲ ಸತ್ತವರ ಹೆಸರು ಬರೆದುಕೊಂಡು ನೋಡಿ. ಹೆಸರೇ ಸಿಗದಿದ್ದರೆ ಟಿಪ್ಪಣಿಯ ಮೊದಲ ಸಾಲು ಅದೇ ಆಗಲಿ. ನಿಮ್ಮ ಮೇಲಿನವರು ಒಪ್ಪದೆ ಇರಬಹುದು. ಬರೆದದ್ದು ಕಡತದಲ್ಲಿ ಇರುತ್ತದೆ. ಒಂದಲ್ಲ ಒಂದು ದಿನ ಯಾರಾದರೂ ತೆಗೆದು ಓದುತ್ತಾರೆ.

ನಾನು ಯಾನ್ಬು ಬಿಡುವ ಮೊದಲಿನ ವರ್ಷ ಗುಲಾಮ್ ಚಾಚಾ ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಹೊರಟರು. ಜೆದ್ದಾದ ವಿಮಾನ ನಿಲ್ದಾಣಕ್ಕೆ ಹೋಗುವ ಕಂಪನಿ ಬಸ್ಸು ಬೆಳಗ್ಗೆ ಏಳಕ್ಕೆ ಕ್ಯಾಂಪಿನ ಗೇಟಿಗೆ ಬಂತು. ಸಾಮಾನ್ಯವಾಗಿ ಹೋಗುವವನ ಕೋಣೆಯವರು ಇಬ್ಬರೋ ಮೂವರೋ ಬಂದು ಪೆಟ್ಟಿಗೆ ಎತ್ತಿಕೊಟ್ಟು ಹೋಗುತ್ತಾರೆ. ಅವತ್ತು ಶುಕ್ರವಾರ, ರಜೆ. ಗೇಟಿನ ಮುಂದೆ ಸಾಲು ನಿಂತಿತ್ತು, ಮೆಸ್ ಹಾಲಿನ ಮೂಲೆಯವರೆಗೆ. ಚಾಚಾ ಪ್ರತಿಯೊಬ್ಬರ ಕೈ ಹಿಡಿದು ಏನಾದರೊಂದು ಹೇಳುತ್ತಿದ್ದರು. "ನಿನ್ನ ಕಾಲರ್ ಬೇಗ ಹರಿಯುತ್ತದೆ, ಕುತ್ತಿಗೆ ಉಜ್ಜಬೇಡ." "ನಿನ್ನ ಜೇಬಿನಲ್ಲಿ ಪೆನ್ನು ಮರೆಯುತ್ತೀಯ, ನೋಡಿ ಹಾಕು." ಹನ್ನೊಂದು ವರ್ಷ ಬಟ್ಟೆಯಿಂದಲೇ ಎಲ್ಲರನ್ನೂ ತಿಳಿದವರು ಅವರು. ಶೇಖರ ಅಪ್ಪಿಕೊಂಡು ಬಿಡಲೇ ಇಲ್ಲ; ಅವನನ್ನು ಇಬ್ಬರು ಹಿಡಿದೆಳೆಯಬೇಕಾಯಿತು.

ಬಸ್ಸಿನ ಚಾಲಕ ಯೆಮೆನಿನವನು, ಸಿಡುಕ. ಎರಡು ಸಲ ಹಾರ್ನ್ ಹೊಡೆದ. "ಯಲ್ಲಾ, ಯಲ್ಲಾ!" ಎಂದು ಅರಬ್ಬಿಯಲ್ಲಿ ಅವಸರ ಮಾಡಿದ. ಸಾಲು ಕರಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರಪ್ಪ ಈ ದೊಡ್ಡ ಮನುಷ್ಯ ಎಂದು ನನ್ನನ್ನು ಕೇಳಿದ. ಲಾಂಡ್ರಿಯ ಗುಲಾಮ್ ಚಾಚಾ ಎಂದೆ. ಅವನು ಸಾಲನ್ನು ಕೊನೆಯವರೆಗೂ ನೋಡಿದ. ಆಮೇಲೆ ಎಂಜಿನ್ ಆರಿಸಿ, ಕೆಳಗಿಳಿದು ಬಂದು, ಸಾಲಿನ ಕೊನೆಯಲ್ಲಿ ನಿಂತುಕೊಂಡ.